ಉಪ್ಪು ಬಿದ್ದ ಐಸು

“ತಣ್ಣಗಾದರೆ ಯಾವುದಾದರೂ ಹಾಳಾಗುವುದುಂಟಾ?”

ಮೂಸಾ ಕೇಳಿದ್ದು ಯಾರನ್ನೂ ಅಲ್ಲ. ಮೀನಿನ ಪೆಟ್ಟಿಗೆಯ ಮುಚ್ಚಳವನ್ನು ಎಡಗೈಯಲ್ಲಿ ಎತ್ತಿ ಹಿಡಿದಿದ್ದ. ಒಳಗಿನಿಂದ ಎದ್ದ ಬಿಳಿಯ ಹಬೆ ಗಡ್ಡಕ್ಕೆ ತಾಗಿ ಹನಿಯಾಗುತ್ತಿತ್ತು. ಫರಂಗಿಪೇಟೆಯ ಮಾರ್ಕೆಟ್ಟಿಗೆ ಬೆಳಗಿನ ಗಿರಾಕಿಗಳು ಇನ್ನೂ ಬಂದಿರಲಿಲ್ಲ. ಆಚೆ ಬದಿಯಲ್ಲಿ ಮರದ ಕೊಡತಿಯಿಂದ ಐಸಿನ ಗಡ್ಡೆ ಒಡೆಯುತ್ತಿದ್ದ ಜತ್ತಪ್ಪ ಕೈ ನಿಲ್ಲಿಸಿದ.

“ಎಂತ ಸಾವ್ಕಾರ್ರೇ, ಬಂಗುಡೆ ಹತ್ತಿರ ಕೇಳ್ತಾ ಇದ್ದೀರಾ? ಜೀವ ಇರುವಾಗಲೇ ಅದು ಮಾತಾಡ್ಲಿಲ್ಲ, ಇನ್ನು ಈಗ ಹೇಳ್ತದಾ?”

“ನಿನ್ನ ಹತ್ತಿರ ಕೇಳಿದ್ದಲ್ಲ. ನೀನು ಒಡಿ.”

“ಕೇಳದಿದ್ರೂ ಹೇಳ್ತೇನೆ. ತಣ್ಣಗಾಗಿ ಹಾಳಾದದ್ದು ನಾನು ಒಬ್ಬನೇ. ಐಸು ಒಡೆದು ಒಡೆದು ಈ ಬೆರಳುಗಳಿಗೆ ಬಿಸಿ ಚಾದ ಗ್ಲಾಸು ಹಿಡಿದ್ರೂ ಗೊತ್ತಾಗುದಿಲ್ಲ. ನಿಮ್ಮ ಕೈ ತಾಗಿದ್ರೆ ಸತ್ತವರು ಮುಟ್ಟಿದ ಹಾಗೆ ಆಗ್ತದೆ ಅಂತಾಳೆ ಮನೆಯವಳು.”

ಮಾತು ಬಾಯಿಂದ ಬಿದ್ದ ಮೇಲೆ ಜತ್ತಪ್ಪನಿಗೆ ಎಚ್ಚರವಾಯಿತು. ಸಾವ್ಕಾರರ ಮನೆಯಿಂದ ಹೆಣ ಹೊರಟದ್ದು ಮೊನ್ನೆ ಮೊನ್ನೆ, ಮಳೆ ಸುರಿಯುವ ಆಟಿ ತಿಂಗಳಲ್ಲಿ. ಅವನು ಕೊಡತಿ ಎತ್ತಿಕೊಂಡು, ಅಗತ್ಯಕ್ಕಿಂತ ಜೋರಾಗಿ, ಪುಡಿಯಾಗಿದ್ದ ಐಸನ್ನೇ ಮತ್ತೆ ಪುಡಿ ಮಾಡತೊಡಗಿದ.

ಮೂಸಾ ಕಲ್ಲುಪ್ಪಿನ ಡಬ್ಬಿಗೆ ಕೈ ಹಾಕಿದ. ಒಂದು ಸಾಲು ಮೀನು, ಒಂದು ಸಾಲು ಐಸು, ಅದರ ಮೇಲೆ ಒಂದು ಮುಷ್ಟಿ ಉಪ್ಪು. ಇದು ಬಾಪ ಕಲಿಸಿ ಹೋದದ್ದು. ಬರೀ ಐಸು ಮೀನನ್ನು ತಣ್ಣಗೆ ಇಡುತ್ತದೆ, ಉಪ್ಪು ಬಿದ್ದ ಐಸು ಮೀನನ್ನು ಕಲ್ಲು ಮಾಡುತ್ತದೆ. ಈ ಉಪ್ಪಿನಿಂದಲೇ ಮೂಸಾನ ವ್ಯಾನು ಬೆಳ್ತಂಗಡಿ ದಾಟಿ ಹೋದರೂ, ಗುರುವಾಯನಕೆರೆಯಿಂದ ತಿರುಗಿ ಮೂಡಬಿದಿರೆಯ ಹೋಟೆಲುಗಳ ಹಿಂಬಾಗಿಲಿಗೆ ಹೋಗಿ ನಿಂತರೂ, ಕಿವಿರು ಎತ್ತಿ ನೋಡಿದವರಿಗೆ ಒಳಗೆ ಕೆಂಪಾಗಿಯೇ ಕಾಣುತ್ತಿತ್ತು. ಮೂಸಾಕನ ಮೀನು ಎಂದರೆ ಮೂಸಿ ನೋಡಬೇಕಾಗಿಲ್ಲ ಎಂದು ಜನ ಹೇಳುವುದನ್ನು ಅವನು ಕೇಳಿಸದವನಂತೆ ಕೇಳಿಸಿಕೊಳ್ಳುತ್ತಿದ್ದ. ಓದು ಬರಹ ಹೆಚ್ಚು ಹತ್ತಲಿಲ್ಲ, ಅರಬಿಯ ಉಚ್ಚಾರ ಸರಿಯಾಗಲಿಲ್ಲ, ನಾಲ್ಕು ಜನರ ಎದುರು ಮಾತಾಡಲು ಬರುವುದಿಲ್ಲ, ಆದರೆ ಒಂದು ವಸ್ತುವನ್ನು ಕೆಡದಂತೆ ಇಡುವುದರಲ್ಲಿ ತನಗೆ ಪಾಠ ಹೇಳುವವರು ದೋಣಿಗಳು ಬಂದು ನಿಲ್ಲುವ ಮಂಗಳೂರಿನ ದಕ್ಕೆಯಲ್ಲಿಯೂ ಇಲ್ಲ ಎಂಬ ಒಂದೇ ಒಂದು ಹೆಮ್ಮೆಯನ್ನು ಅವನು ಇಟ್ಟುಕೊಂಡಿದ್ದ. ಉಪ್ಪು ಹಿಡಿದ ಮುಷ್ಟಿ ಗಾಳಿಯಲ್ಲಿಯೇ ನಿಂತಿತು. ಇದೇ ಮುಷ್ಟಿ. ಉಪ್ಪು ಬೆರಳ ಸಂದಿಯಿಂದ ಸೋರಿ ಕಾಲ ಮೇಲೆ ಬಿತ್ತು.

ನಿನ್ನೆ ಸಂಜೆ ಪಕ್ಕದ ಮನೆಯ ಹುಡುಗ ಉಮ್ಮರ್ ರಿಕ್ಷಾ ನಿಲ್ಲಿಸಿ ಇಳಿದಾಗ ಅವನ ಕಣ್ಣು ಅರಸಿನ ಹಚ್ಚಿದ ಹಾಗಿತ್ತು. ಎರಡು ಮನೆಗೂ ಬಾವಿ ಒಂದೇ.

ಎಪ್ರಿಲ್ ಕೊನೆಗೆ ಅಝೀಮ್ ಬಹರೈನಿನಿಂದ ಬಂದಾಗ ಇಂಥ ಯಾವ ಯೋಚನೆಯೂ ಇರಲಿಲ್ಲ. ಅವನು ಸೊಸೆ ಶಬ್ನಾಳ ತಮ್ಮ. ಅಕ್ಕ ತಮ್ಮ ಇಬ್ಬರೂ ಹುಟ್ಟಿ ಬೆಳೆದದ್ದು ಅಲ್ಲಿಯೇ. ಮೂಸಾನ ಮಗ ಅಜ್ಮಲ್ ಮದುವೆಯಾಗಿ ಕತಾರಿಗೆ ಮರಳಿದ ಮೇಲೆ ಶಬ್ನಾ ಈ ಮನೆಗೆ ಹೊಸಬಳಾಗಿಯೇ ಉಳಿದಿದ್ದಳು. ಅವಳಿಗೆ ಜೊತೆಯಾಗಲಿ, ಹಾಗೆಯೇ ತನಗೊಂದು ಹೆಣ್ಣು ನೋಡಿಯೂ ಆಗಲಿ ಎಂದು ತಮ್ಮ ಬಂದಿದ್ದ. ನಗುಮುಖದ ಹುಡುಗ. ಮೊದಲ ದಿನವೇ ಬಾವಿಗೆ ಕೊಡ ಇಳಿಸಿ, ನೀರು ಸೇದಿ, ಬಗ್ಗಿ ಕುಡಿದು, “ಮಾಮ, ಇದಕ್ಕೆ ರುಚಿ ಉಂಟಲ್ಲ” ಎಂದಿದ್ದ. ಅಲ್ಲಿಯ ನೀರಿಗೆ ರುಚಿಯೇ ಇಲ್ಲವಂತೆ. ವಾರದೊಳಗೆ ಹೊಟ್ಟೆ ಕೆಟ್ಟು ಅವನನ್ನು ಬಂಟ್ವಾಳದ ಡಾಕ್ಟ್ರು ಕಾಂತಿಯವರ ಹತ್ತಿರ ಕರೆದುಕೊಂಡು ಹೋಗಬೇಕಾಯಿತು. ಶಬ್ನಾಳೂ ಬಂದಿದ್ದಳು. ಡಾಕ್ಟ್ರು ಇಬ್ಬರನ್ನೂ ಕೂರಿಸಿಕೊಂಡು ವಿಚಾರಿಸಿ, ಆಮೇಲೆ ಹಿಂದೆ ನಿಂತಿದ್ದ ಮೂಸಾನ ಕಡೆ ನೋಡಿದರು.

“ಇದು ಬರೀ ಅಜೀರ್ಣ. ನನಗೆ ಹೆದರಿಕೆ ಕಾಮಾಲೆಯದ್ದು, ಮೂಸಾಕ. ನೀವೆಲ್ಲ ಚಿಕ್ಕಂದಿನಲ್ಲಿಯೇ ಈ ಬಾವಿಯ ನೀರು ಕುಡಿದು, ಗೊತ್ತಿಲ್ಲದ ಹಾಗೆ ಅದು ಬಂದು ಹೋದವರು. ನಿಮ್ಮ ಪ್ರಾಯದವರಿಗೆ ಇನ್ನು ಬರುದಿಲ್ಲ, ಈಗಿನ ಹುಡುಗರಲ್ಲಿ ಕೆಲವರಿಗೆ ಬರ್ತದೆ. ಇವರು ಯಂತ್ರದ ನೀರು ಕುಡಿದು ಬೆಳೆದವರು. ಮಕ್ಕಳಿಗೆ ಬಂದ್ರೆ ನಾಲ್ಕು ದಿನದ ಜ್ವರ. ದೊಡ್ಡವರಿಗೆ ಬಂದ್ರೆ ಹಾಗಲ್ಲ, ಕೆಲವರ ಲಿವರನ್ನೇ ತೆಗೊಂಡು ಹೋಗ್ತದೆ. ಈಗ ಅದಕ್ಕೆ ಇಂಜೆಕ್ಷನ್ ಉಂಟು. ಒಂದು ಈಗ ಹಾಕುವ, ಆರು ತಿಂಗಳಿಗೆ ಇನ್ನೊಂದು.”

“ಅದರಿಂದ ತೊಂದರೆ ಎಂತಾದ್ರೂ ಉಂಟಾ ಡಾಕ್ಟ್ರೇ?” ಅಝೀಮ್ ಕೇಳಿದ್ದ.

“ತೋಳು ಎರಡು ದಿನ ನೋಯ್ತದೆ. ಹೆಣ್ಣು ನೋಡ್ಲಿಕ್ಕೆ ಹೋದಲ್ಲಿ ಕೈ ಎತ್ತಿ ಸಲಾಂ ಹೇಳುವಾಗ ಮುಖ ಗಂಟು ಹಾಕ್ಬೇಡಿ, ಅಷ್ಟೇ.”

ಅಕ್ಕ ತಮ್ಮ ನಕ್ಕಿದ್ದರು. ಆ ನಗು ಮೂಸಾನ ಕಿವಿಯಲ್ಲಿ ಹೇಗೆ ಉಳಿದಿದೆಯೆಂದರೆ, ಈಗೀಗ ಮಾರ್ಕೆಟ್ಟಿನಲ್ಲಿ ಯಾರೋ ಹೆಂಗಸು ಬೂತಾಯಿಗೆ ಚೌಕಾಶಿ ಮಾಡುತ್ತ ನಕ್ಕರೂ ಅವನು ತಿರುಗಿ ನೋಡುತ್ತಾನೆ. ಮದ್ದು ಬಂಟ್ವಾಳದಲ್ಲಿ ಸಿಗುತ್ತಿರಲಿಲ್ಲ. ಮಂಗಳೂರಿನ ಒಂದು ಅಂಗಡಿಯಿಂದ ತರಿಸಬೇಕಿತ್ತು. ನನ್ನ ವ್ಯಾನು ದಿನಾ ದಕ್ಕೆಗೆ ಹೋಗುತ್ತದಲ್ಲ, ನಾನೇ ತರುತ್ತೇನೆ ಎಂದು ಮುಂದೆ ಬಂದವನು ಅವನೇ. ತಣ್ಣಗಿರಬೇಕು, ಆದರೆ ಐಸಿಗೆ ತಾಗಬಾರದು ಎಂದು ಡಾಕ್ಟ್ರು ಅನುಮಾನಿಸಿದಾಗ, “ಐಸಿನ ವಿಷಯ ನನಗೆ ಬಿಡಿ ಡಾಕ್ಟ್ರಮ್ಮ” ಎಂದಿದ್ದ. ಅಷ್ಟು ದೊಡ್ಡ ಮಾತನ್ನು ಅವನು ಜೀವನದಲ್ಲಿ ಇನ್ನೆಲ್ಲಿಯೂ ಆಡಿದ್ದಿಲ್ಲ.

ಆ ಅಂಗಡಿಯ ಕೌಂಟರಿನಲ್ಲಿದ್ದವನು ಮೂಸಾ ಹತ್ತಿರ ಬಂದೊಡನೆ ಕರ್ಚೀಫು ತೆಗೆದು ಮೂಗು ಒರೆಸಿಕೊಂಡ. ಒರೆಸಿಕೊಳ್ಳುವುದಕ್ಕೆ ಏನೂ ಇರಲಿಲ್ಲ. ಬೆರಳಿಗೆ ಬೆರಳು ತಾಗದ ಹಾಗೆ ಥರ್ಮೋಕೋಲಿನ ಪುಟ್ಟ ಡಬ್ಬಿಯನ್ನು ಕೌಂಟರಿನ ಅಂಚಿಗೆ ತಳ್ಳಿ, ಕಿವುಡನಿಗೆ ಹೇಳುವಂತೆ ಬಿಡಿಸಿ ಬಿಡಿಸಿ ಹೇಳಿದ. “ಬರ್ಫದ ಒಳಗೆ ಹಾಕಬಾರದು. ಗೊತ್ತಾಯಿತಾ? ಹಾಕಬಾರದು.” ಗೊತ್ತಾಯಿತಾ ಎಂಬ ಆ ಒಂದು ಮಾತು ದಕ್ಕೆಯವರೆಗೂ ಕಾಲಿಗೆ ಚುಚ್ಚಿದ ಮುಳ್ಳಿನಂತೆ ಬಂತು. ವ್ಯಾನಿನಲ್ಲಿ ಕೂತು ಡಬ್ಬಿ ತೆರೆದು ನೋಡಿದರೆ ಅಂಗೈಯಗಲದ ಒಂದು ತಣ್ಣನೆಯ ಪೊಟ್ಟಣ, ಅದಕ್ಕೆ ಕಾಗದ ಸುತ್ತಿ, ಪಕ್ಕದಲ್ಲಿ ಎರಡು ಸೀಸೆ. ರಾತ್ರಿ ದಕ್ಕೆಯಲ್ಲಿಯೇ ತಂಗಬೇಕು, ಇಷ್ಟು ತಂಪು ಬೆಳಗಿನ ಮೀನಿನ ಏಲದವರೆಗೆ ಎಲ್ಲಿ ನಿಲ್ಲುತ್ತದೆ? ಮೇ ತಿಂಗಳ ಸೆಕೆ, ವ್ಯಾನಿನ ತಗಡು ಮುಟ್ಟಿದರೆ ಕೈ ಸುಡುತ್ತಿತ್ತು. ಮೂಗು ಮುಚ್ಚಿಕೊಂಡವನಿಗೆ ಏನು ಗೊತ್ತು. ಮೂಸಾ ಎರಡೂ ಸೀಸೆಗಳನ್ನು ಪ್ಲಾಸ್ಟಿಕ್ಕಿನಲ್ಲಿ ಗಟ್ಟಿಯಾಗಿ ಸುತ್ತಿ, ಎಲ್ಲಕ್ಕಿಂತ ಒಳ್ಳೆಯ ಪೆಟ್ಟಿಗೆಯಲ್ಲಿ, ಸಂಜೆಯೇ ಕೊಂಡಿದ್ದ ಅಂಜಲ್ ಮೀನುಗಳ ಅಡಿಯಲ್ಲಿ ಇಟ್ಟು, ಮೇಲೆ ಐಸು ಹರಡಿ ಉಪ್ಪು ಹಾಕಿದ. ಸಾಮಾನ್ಯಕ್ಕೆ ಒಂದು ಮುಷ್ಟಿ. ಸೊಸೆಯದೂ ಅವಳ ತಮ್ಮನದೂ ಎಂದು ಆ ದಿನ ಎರಡು ಮುಷ್ಟಿ.

ಬೆಳಗ್ಗೆ ತೆಗೆದಾಗ ಸೀಸೆಯ ಒಳಗೆ ಬಿಳಿಯ ಗಟ್ಟಿ. ಅಲುಗಾಡಿಸಿದರೆ ಅಲುಗಾಡಲಿಲ್ಲ. ಅವನಿಗೆ ಹೆದರಿಕೆ ಆಗಲಿಲ್ಲ, ನಾಚಿಕೆಯಾಯಿತು. ಮೂಗು ಮುಚ್ಚಿಕೊಂಡವನು ಹೇಳಿದ್ದೇ ಸರಿಯಾಗಿಬಿಡುವುದರ ನಾಚಿಕೆ. ಡ್ರೈವರನ ಪಕ್ಕ ಕೂತು ಎರಡೂ ಸೀಸೆಗಳನ್ನು ಬಲಗೈ ಮುಷ್ಟಿಯಲ್ಲಿ ಹಿಡಿದು, ಮುಷ್ಟಿಗೆ ಊದಿ, ಕಂಕುಳಿಗೆ ಒತ್ತಿ, ಮನಸ್ಸಿನಲ್ಲಿ ಸ್ವಲಾತ್ ಹೇಳುತ್ತ ಹೇಳುತ್ತ ಬಂದ. ಬಂಟ್ವಾಳ ಮುಟ್ಟುವಾಗ ಅದು ಕರಗಿತ್ತು. ಸಣ್ಣ ಸಣ್ಣ ಚೂರುಗಳು ತೇಲಿ ಅಡಿಗೆ ಇಳಿಯುತ್ತಿದ್ದವು. ಕುಲುಕಿದರೆ ಹಾಲಿನ ಹಾಗೆ ಆಯಿತು. ಸೀಸೆಗಳನ್ನು ಮತ್ತೆ ಆ ಪುಟ್ಟ ಡಬ್ಬಿಯೊಳಗೆ ಇಟ್ಟು ಕ್ಲಿನಿಕ್ಕಿನ ಮೆಟ್ಟಿಲು ಹತ್ತಿದ. ಐಸಿಗೆ ತಾಗಲಿಲ್ಲ ಅಲ್ವಾ ಮೂಸಾಕ ಎಂದು ಡಾಕ್ಟ್ರು ಕೇಳಿದಾಗ ಇಲ್ಲ ಎನ್ನುವುದಕ್ಕೆ ಅವನಿಗೆ ಉಸಿರು ಎಳೆದುಕೊಳ್ಳುವಷ್ಟು ಹೊತ್ತೂ ಬೇಕಾಗಲಿಲ್ಲ. ಸುಳ್ಳು ಇಷ್ಟು ಸುಲಭ ಎಂದು ತಿಳಿದೇ ಇರಲಿಲ್ಲ. ಅದೇ ಸಂಜೆ ಇಬ್ಬರಿಗೂ ಸೂಜಿ ಚುಚ್ಚಿ ಆಯಿತು.

ಮಳೆ ಹಿಡಿದು ಬಾವಿಯ ನೀರು ಕೆಂಪಾಯಿತು. ಅಝೀಮ್‌ನಿಗೆ ಮೊದಲು ಊಟ ಸೇರಲಿಲ್ಲ, ಆಮೇಲೆ ಕಣ್ಣು, ಆಮೇಲೆ ಚರ್ಮ. ಇಂಜೆಕ್ಷನ್ ಆಗಿದೆಯಲ್ಲ, ಇದು ಬೇರೆ ಏನೋ ಎಂದು ಮನೆಯವರು ದಿನ ಕಳೆದರು. ಹಾಗೆ ಹೇಳಿ ಸಮಾಧಾನ ಮಾಡಿದವರಲ್ಲಿ ಮೂಸಾನೂ ಒಬ್ಬ. ಕೊನೆಗೆ ಮಂಗಳೂರಿನ ಆಸ್ಪತ್ರೆಯಲ್ಲಿ ಹುಡುಗ ಅಕ್ಕನ ಗುರುತು ಹಿಡಿಯದೆ, ಅವಳನ್ನು ನೀರು ಕೇಳುತ್ತ ಕೇಳುತ್ತ ಹೋದ. ಮಣ್ಣು ಮಾಡಿ ಬಂದ ಮೇಲೆ ಮನೆಗೆ ಬಂದಿದ್ದ ಡಾಕ್ಟ್ರು ಕಾಂತಿ ಯಾರಿಗೋ ಹೇಳುತ್ತಿದ್ದದ್ದು ಮೂಸಾನ ಕಿವಿಗೆ ಬಿತ್ತು. “ಆ ಮದ್ದು ಬಿಸಿಯನ್ನಾದ್ರೂ ಸ್ವಲ್ಪ ತಡ್ಕೊಳ್ತದೆ. ಹೆಪ್ಪುಗಟ್ಟಿದ್ರೆ ಸತ್ತೇ ಹೋಗ್ತದೆ. ಕರಗಿಸಿದ್ರೂ ಬದುಕುದಿಲ್ಲ.” ಬಂದವರೆಲ್ಲ ಅವನ ಭುಜ ಹಿಡಿದು, ಎಲ್ಲರನ್ನೂ ಪಡೆದ ದೇವರ ಇಚ್ಛೆ, ನಾವು ಎಂತ ಮಾಡ್ಲಿಕ್ಕುಂಟು ಎನ್ನುತ್ತಿದ್ದರು. ಅವನು ತಲೆ ಆಡಿಸಿದ. ಆಡಿಸುತ್ತಿರುವಾಗಲೇ, ತಾನು ಪಡೆದವನ ಬೆನ್ನ ಹಿಂದೆ ಅಡಗಿ ಕೂತಿದ್ದೇನೆ ಎಂದು ತಿಳಿಯಿತು.

ಸತ್ತವನು ಸತ್ತ. ಆದರೆ ಶಬ್ನಾಳ ತೋಳಿಗೆ ಹೋದದ್ದೂ ಅದೇ ಮುಷ್ಟಿಯಿಂದ. ಅವಳಿಗೆ ರಕ್ಷೆ ಇದೆಯೆಂದು ಎಲ್ಲರೂ ತಿಳಿದಿದ್ದಾರೆ. ಇಲ್ಲವೆಂದು ತಿಳಿದವನು ಒಬ್ಬನೇ.

“ಜತ್ತಪ್ಪ, ಪೆಟ್ಟಿಗೆ ನೋಡಿಕೊ. ಬಂಟ್ವಾಳಕ್ಕೆ ಹೋಗಿ ಬರ್ತೇನೆ.”

“ಉಪ್ಪು ಹಾಕ್ಲಿಲ್ಲ ಸಾವ್ಕಾರ್ರೇ.”

“ನೀನೇ ಹಾಕು.”

ಕ್ಲಿನಿಕ್ಕಿನ ಬೆಂಚಿನಲ್ಲಿ ಅವನ ಪಕ್ಕ ಕೂತಿದ್ದ ಹೆಂಗಸು ಮಗುವನ್ನು ಎತ್ತಿಕೊಂಡು ಆಚೆ ಹೋಗಿ ಕೂತಳು. ಬೆಳಗ್ಗೆ ಕೈ ತೊಳೆದಿದ್ದ, ಅತ್ತರು ಹಚ್ಚಿದ್ದ. ಮೀನು ಅತ್ತರಿಗಿಂತ ಮೊದಲೇ ಒಳಗೆ ಹೋಗಿ ಕೂತುಬಿಡುತ್ತದೆ. ಕರೆದಾಗ ಎದ್ದು ಒಳಗೆ ಹೋದರೆ ಮೂಲೆಯಲ್ಲಿದ್ದ ಫ್ರಿಜ್ಜಿನ ಬಾಗಿಲು ಬಾಯಿ ಬಿಟ್ಟಿತ್ತು. ಅದರ ಕರೆಂಟಿನ ತಂತಿ ಸುತ್ತಿ ಮೇಲಿಟ್ಟಿದ್ದರು. ಒಳಗಿನ ಖಾನೆಗಳಲ್ಲಿ ಹತ್ತಿ, ಬ್ಯಾಂಡೇಜು ಬಟ್ಟೆ.

“ಶಬ್ನಾಳಿಗೆ ಆ ಇಂಜೆಕ್ಷನ್ ಹಾಕ್ಬೇಕಿತ್ತು ಡಾಕ್ಟ್ರಮ್ಮ.”

“ಎರಡನೆಯದ್ದಕ್ಕೆ ಇನ್ನೂ ಸಮಯ ಉಂಟಲ್ಲ.”

“ಈಗಲೇ ಬೇಕು. ಪಕ್ಕದ ಉಮ್ಮರ್‌ಗೆ ಬಂದಿದೆ. ಬಾವಿ ಒಂದೇ.”

“ಮೊದಲಿನದ್ದು ಹಿಡಿದಿದ್ರೆ ಹೆದರಿಕೆ ಇಲ್ಲ, ಮೂಸಾಕ.” ಅಷ್ಟು ಹೇಳಿ ಅವರು ಪೆನ್ನು ಕೆಳಗಿಟ್ಟರು. ಫ್ರಿಜ್ಜಿನ ಕಡೆ ನೋಡಿದರು. “ಹಿಡಿದಿದ್ರೆ. ನೂರು ಜನರಿಗೆ ಹಾಕಿದ್ರೆ ತೊಂಬತ್ತೈದಕ್ಕೂ ಹೆಚ್ಚು ಜನರಿಗೆ ಹಿಡಿಯುವ ಮದ್ದು ಅದು. ಆ ಹುಡುಗನಿಗೆ ಇಪ್ಪತ್ತಾರು ವರ್ಷ, ಗಟ್ಟಿ ಮೈ. ಅವನಿಗೆ ಹಿಡಿಯದಿರ್ಲಿಕ್ಕೆ ಕಾರಣ ಬೇಕಲ್ಲ? ಕಾರಣ ಇಲ್ಲಿಯೇ ಉಂಟು. ಆ ದಿನ ಬೆಳಗ್ಗೆಯಿಂದ ಸಂಜೆವರೆಗೆ ಇದರಲ್ಲಿ ಇಟ್ಟಿದ್ದೆ. ಹಳೆಯ ಫ್ರಿಜ್ಜು, ಕೆಲವೊಮ್ಮೆ ಮೇಲಿನ ಖಾನೆಯಲ್ಲಿ ನೀರು ಗಟ್ಟಿ ಆಗ್ತಿತ್ತು. ನನಗೆ ಗೊತ್ತಿತ್ತು, ರಿಪೇರಿ ಮಾಡಿಸ್ಲಿಲ್ಲ. ಮತ್ತೆ ಇದರಲ್ಲಿ ನಾನು ಯಾವ ಮದ್ದೂ ಇಡ್ಲಿಲ್ಲ. ಮಾರ್ಲಿಕ್ಕೂ ಮನಸ್ಸು ಬರುದಿಲ್ಲ.”

ಡಾಕ್ಟ್ರಮ್ಮನ ಕೂದಲು ಕಿವಿಯ ಹತ್ತಿರ ಬೆಳ್ಳಗಾದದ್ದನ್ನು ಮೂಸಾ ಈಗ ನೋಡಿದ. ಆಟಿಯಲ್ಲಿ ಹೀಗಿರಲಿಲ್ಲ. ಈಗ ಹೇಳಬೇಕು. ನಿಮ್ಮ ಫ್ರಿಜ್ಜು ಎಂತದೂ ಮಾಡ್ಲಿಲ್ಲ ಡಾಕ್ಟ್ರಮ್ಮ ಎಂಬಷ್ಟೇ ಸಾಕು, ಉಳಿದದ್ದು ತಾನೇ ಬರುತ್ತದೆ. ಅವನು ಬಾಯಿ ತೆರೆದ. “ಆ ದಿನ,” ಎಂದ. ಡಾಕ್ಟ್ರು ಕಾದರು. ಹೊರಗೆ ಮಗು ಕೆಮ್ಮಿತು. “ಆ ದಿನ ಗುಡುಗು ಕೂಡ ಇತ್ತು. ಕರೆಂಟು ಏರ್ತಾ ಇಳೀತಾ ಇತ್ತು, ಫ್ರಿಜ್ಜಿಗೆ ಎಂತಾದ್ರೂ ಆಗಿರ್ಬೇಕು,” ಎಂದಿತು ಅವನ ನಾಲಗೆ.

“ಹೌದು,” ಎಂದರು ಡಾಕ್ಟ್ರು ಸಣ್ಣ ದನಿಯಲ್ಲಿ. “ನನಗೂ ನೆನಪುಂಟು.” ತಾನು ಕೊಟ್ಟ ಸುಳ್ಳನ್ನು ಅವರು ತಮ್ಮ ಮೇಲೆಯೇ ಹೊದ್ದುಕೊಳ್ಳುವುದನ್ನು ಮೂಸಾ ಕುರ್ಚಿಯ ತುದಿಯಲ್ಲಿ ಕೂತು ನೋಡಿದ.

“ಮೂಡಬಿದಿರೆಯಲ್ಲಿ ನನ್ನ ಗೆಳತಿಯ ಕ್ಲಿನಿಕ್ ಉಂಟು. ನಾಳೆ ಅಲ್ಲಿಂದ ತರಿಸ್ತೇನೆ. ನೀವು ಹೋಗುದು ಬೇಡ,” ಎಂದರು. ಆ ಕೊನೆಯ ಮಾತು ಸುಮ್ಮನೆ ಉಪಚಾರದ್ದೋ ಅಥವಾ ಬೇರೆಯೋ ಎಂದು ಮೂಸಾ ಬಸ್ಸಿನಲ್ಲಿ ಕೂತ ಮೇಲೂ ಮಗುಚಿ ಮಗುಚಿ ನೋಡುತ್ತಿದ್ದ. ಅವನು ಏಳುವ ಮೊದಲು ಡಾಕ್ಟ್ರು ಇನ್ನೂ ಹೇಳಿದ್ದರು, “ಈಗ ಹಾಕಿದ್ರೆ ಸಮಯ ಉಂಟು. ತಡ ಮಾಡಿದ್ರೆ ನಾನೂ ಎಂತದೂ ಮಾಡ್ಲಿಕ್ಕಾಗುದಿಲ್ಲ. ಆದ್ರೆ ಒಂದು. ಅವಳಿಗೆ ಮನಸ್ಸಿಲ್ಲದೆ ನಾನು ಸೂಜಿ ಹಾಕುದಿಲ್ಲ. ಕೇಳಿ ಕರ್ಕೊಂಡು ಬನ್ನಿ.”

ಬಸ್ಸಿನ ಕಿಟಕಿಯಲ್ಲಿ ನೇತ್ರಾವತಿ ಜೊತೆಗೇ ಬರುತ್ತಿತ್ತು, ಮಳೆಗಾಲದ ಕೆಂಪು ಕಳೆದು ತಿಳಿಯಾಗಿತ್ತು. ಈ ನೀರು ನೋಡಿದರೆ ಯಾರಿಗಾದರೂ ಬಾಯಾರುತ್ತದೆ. ಇವತ್ತು ಗುರುವಾರ ಎಂದು ನೆನಪಾಯಿತು. ಹೆತ್ತ ಉಮ್ಮ ಇದ್ದಾಗ ಗುರುವಾರ ಸಂಜೆ ಚಾಪೆ ಹಾಸಿ, ದೀಪ ಹಚ್ಚಿ, ತಲೆಗೆ ಬಟ್ಟೆ ಎಳೆದುಕೊಂಡು ಸಂತರನ್ನು ಹೊಗಳುವ ಮಾಲೆ ಪದ ಓದುತ್ತಿದ್ದಳು. ಓದುವುದಲ್ಲ, ಪುಸ್ತಕ ಮುಚ್ಚಿಯೇ ಇರುತ್ತಿತ್ತು. ಮೈ ಮುಂದಕ್ಕೂ ಹಿಂದಕ್ಕೂ ತೂಗಿ, ಒಂದು ಸಾಲು ಏರಿಸಿ, ಇನ್ನೊಂದು ಸಾಲು ಇಳಿಸಿ ಹೇಳುತ್ತಿದ್ದಳು. ಕಂಬಕ್ಕೆ ಒರಗಿ ಕೂತು ಕೇಳುತ್ತಿದ್ದ ಮೂಸಾನಿಗೆ ಅರ್ಧಕ್ಕರ್ಧ ಅರ್ಥವಾಗುತ್ತಿರಲಿಲ್ಲ. ಆದರೆ ಆ ಏರಿಳಿತದಲ್ಲಿ ಲೋಕ ಒಂದು ಸರಿಯಾದ ಜಾಗದಲ್ಲಿ ಕೂತಿರುತ್ತಿತ್ತು. ಒಮ್ಮೆ ಮದ್ರಸದ ಉಸ್ತಾದರು ಹೇಳಿದ್ದರು, ಕೊನೆಯ ತೀರ್ಪಿನ ಆ ದಿನ ಬಾಯಿಗೆ ಮುದ್ರೆ ಬೀಳುತ್ತದೆ, ಕೈಗಳು ಎದ್ದು ಮಾತಾಡುತ್ತವೆ ಎಂದು. ಹುಡುಗರೆಲ್ಲ ತಂತಮ್ಮ ಕೈ ನೋಡಿಕೊಂಡಿದ್ದರು. ಮೂಸಾ ಸೀಟಿನ ಮೇಲೆ ಬಲಗೈ ಮಗುಚಿ ಇಟ್ಟ. ಉಪ್ಪು ತಿಂದು ಬಿರಿದ ಅಂಗೈ. ಇದು ಏನು ಹೇಳುತ್ತದೆ? ಬೆಚ್ಚಗೆ ಮಾಡಿದೆ ಎನ್ನುತ್ತದೆಯೇ, ಬಚ್ಚಿಟ್ಟೆ ಎನ್ನುತ್ತದೆಯೇ?

ಮನೆಯಲ್ಲಿ ಹೆಂಡತಿ ಜೈನಬಮ್ಮ ಅಕ್ಕಿ ಆರಿಸುತ್ತ ಕೂತಿದ್ದಳು. ಅವನು ವಿಷಯ ಎತ್ತಿದೊಡನೆ ಮೊರ ಕೆಳಗಿಟ್ಟಳು.

“ನಿಮಗೆ ತಲೆ ಸರಿ ಉಂಟಾ? ಪುನಃ ಆ ಸೂಜಿಯಾ? ನಾನು ತೆಗೊಂಡಿದ್ದೇನಾ? ನೀವು ತೆಗೊಂಡಿದ್ದೀರಾ? ಇದೇ ಬಾವಿಯ ನೀರು ಕುಡಿದು ನಮಗೆ ಎಂತ ಆಯಿತು? ತೆಗೊಂಡ ಹುಡುಗ ಹೋದ. ಇನ್ನು ಇವಳನ್ನೂ ಕಳಿಸ್ಬೇಕಾ?”

“ಇಂಜೆಕ್ಷನ್‌ನಿಂದ ಹೋದದ್ದಲ್ಲ ಅವನು.”

“ಮತ್ತೆ ಯಾವುದರಿಂದ? ನೀವೇ ಹೇಳಿ, ಕೇಳುವ.”

ಅವನು ಮೊರದಿಂದ ಉದುರಿದ್ದ ಎರಡು ಅಕ್ಕಿಕಾಳು ಹೆಕ್ಕಿ ಮೊರಕ್ಕೆ ಹಾಕಿದ.

“ಉಮ್ಮರ್‌ನ ಉಮ್ಮ ನಫೀಸಮ್ಮ ಗುರುವಾಯನಕೆರೆ ಕಡೆಯಿಂದ ಬೇರಿನ ಮದ್ದು ತರಿಸಿದ್ದಾಳೆ. ಉಪ್ಪು ಬಿಟ್ಟು ಗಂಜಿ. ಅಷ್ಟರಲ್ಲಿ ಗುಣ ಆಗ್ತದೆ,” ಎಂದು ಜೈನಬಮ್ಮ ಮತ್ತೆ ಮೊರ ಎತ್ತಿಕೊಂಡಳು. “ಅವಳ ಹತ್ತಿರ ಕೇಳ್ಲಿಕ್ಕೆ ನಿಮಗೆ ಮುಖ ಉಂಟಾದ್ರೆ ಕೇಳಿ. ಹಿಂದೆ ಇದ್ದಾಳೆ.”

ಶಬ್ನಾ ಹಿತ್ತಿಲಿನ ಒಲೆಯ ಮುಂದೆ ಕೂತಿದ್ದಳು. ತಮ್ಮ ಹೋದ ಮೇಲೆ ಅವಳು ಬೇರೆ ಪಾತ್ರೆಯಲ್ಲಿ ನೀರು ಕುದಿಸಿಯೇ ಕುಡಿಯುತ್ತಿದ್ದಳು. ಮೊದಮೊದಲು ಎಲ್ಲರಿಗೂ ಕೊಡುತ್ತಿದ್ದಳು, ಹೊಗೆಯ ವಾಸನೆ ಎಂದು ಯಾರೂ ಕುಡಿಯದೆ ಹೋದದ್ದರಿಂದ ಈಗ ತನಗೊಬ್ಬಳಿಗೇ. ಆದರೆ ಪಾತ್ರೆ ತೊಳೆಯುವುದು ಬಾವಿಯ ನೀರಲ್ಲಿ, ಬಾಯಿ ಮುಕ್ಕಳಿಸುವುದು ಬಾವಿಯ ನೀರಲ್ಲಿ, ನಫೀಸಮ್ಮ ಬೇಲಿಯ ಮೇಲಿಂದ ಕೊಟ್ಟ ಅಕ್ಕಿಯ ಪತ್ತಿರಿಯನ್ನು ಬೇಡ ಎನ್ನದೆ ತಿನ್ನುವುದು. ಬೇಲಿಯ ಆಚೆ ಉಮ್ಮರ್ ವಾಂತಿ ಮಾಡುತ್ತಿದ್ದ ಸದ್ದು ಕೇಳುತ್ತಿತ್ತು.

“ಮಗಳೇ, ನಾಳೆ ಬಂಟ್ವಾಳಕ್ಕೆ ಹೋಗಿ ಬರುವ. ಡಾಕ್ಟ್ರಮ್ಮನ ಹತ್ತಿರ.”

“ಎಂತಕ್ಕೆ ಮಾಮ?”

“ಆ ಇಂಜೆಕ್ಷನ್. ಇನ್ನೊಂದು ಬಾಕಿ ಉಂಟಲ್ಲ. ಉಮ್ಮರ್‌ಗೆ ಬಂದಿದೆ. ನೀನು ತೆಗೊಂಡ್ರೆ ನನಗೆ ಸಮಾಧಾನ.” ಧ್ವನಿ ತನ್ನದಲ್ಲವೆಂಬ ಹಾಗೆ ಕೇಳಿಸಿತು. “ನಾನು ನಿನ್ನ ಹತ್ತಿರ ಯಾವತ್ತೂ ಎಂತದೂ ಕೇಳಿದವನಲ್ಲ. ಇದು ಒಂದು ಕೇಳ್ತಾ ಇದ್ದೇನೆ.”

ಅವಳು ಕೊಳ್ಳಿಯನ್ನು ಒಳಗೆ ದೂಡಿದಳು. ಬೆಂಕಿ ಏಳಲಿಲ್ಲ, ಹೊಗೆ ಎದ್ದಿತು. ಕಣ್ಣು ಒರೆಸಿಕೊಂಡು ಅವನ ಕಡೆ ತಿರುಗಿದಳು. ಆ ಕಣ್ಣಿನ ಬಿಳಿ ಇನ್ನೂ ಬಿಳಿಯಾಗಿಯೇ ಇದೆಯೆಂದು ಮೂಸಾ ಮೊದಲು ನೋಡಿದ. ಈಗೀಗ ಅವನು ಅವಳ ಮುಖವನ್ನು ನೋಡುವುದು ಅದಕ್ಕೆ ಮಾತ್ರ.

“ಮಾಮ, ಒಂದು ಕೇಳಲಾ? ಆಸ್ಪತ್ರೆಯಲ್ಲಿ ಆ ದೊಡ್ಡ ಡಾಕ್ಟ್ರು ನನ್ನ ಹತ್ತಿರ ಎರಡೆರಡು ಸಲ ಕೇಳಿದ್ರು, ಮದ್ದು ಸರಿ ಇತ್ತಾ, ಸರಿ ಇತ್ತಾ ಅಂತ. ನನಗೆಂತ ಗೊತ್ತು. ತಂದದ್ದು ನೀವು. ಅದು ಸರಿ ಇತ್ತಾ?”

ನೀರು ಕುದಿಯಲು ಹಿಡಿದಿತ್ತು. ಮುಚ್ಚಳ ಸಣ್ಣಗೆ ನಡುಗುತ್ತಿತ್ತು. ಬಾಗಿಲು ಇಷ್ಟು ಅಗಲವಾಗಿ ತೆರೆಯುತ್ತದೆಂದು ಅವನು ಅಂದುಕೊಂಡಿರಲಿಲ್ಲ. ಒಂದು ಹೆಜ್ಜೆ ಇಟ್ಟರೆ ಆಯಿತು. ಇರಲಿಲ್ಲ ಮಗಳೇ, ನಾನು ಕೆಡಿಸಿದೆ, ಅದಕ್ಕೇ ಈಗ ಒಳ್ಳೆಯದನ್ನು ತೆಗೊ ಎಂದರೆ ಆಯಿತು. ಆಮೇಲೆ ಇವಳು ಎದ್ದು ಹೋಗುತ್ತಾಳೆ, ಬಹರೈನಿಗೆ ಫೋನು ಹೋಗುತ್ತದೆ, ಅಜ್ಮಲ್ ಕತಾರಿನಲ್ಲಿ ಕುಸಿದು ಕೂರುತ್ತಾನೆ, ಜೈನಬಮ್ಮ ಅನ್ನದ ಬಟ್ಟಲು ಮುಂದಿಟ್ಟು ಮುಖ ತಿರುಗಿಸುತ್ತಾಳೆ, ಮೂಗು ಮುಚ್ಚಿಕೊಂಡವನು ಗೊತ್ತಾಯಿತಾ ಎನ್ನುತ್ತಾನೆ. ಆದರೆ ಇವಳು ಬದುಕುತ್ತಾಳೆ. ಅಷ್ಟೂ ಅವನಿಗೆ ಸ್ಪಷ್ಟವಾಗಿ, ತಿಳಿನೀರಿನ ತಳದ ಕಲ್ಲುಗಳಂತೆ ಕಾಣುತ್ತಿತ್ತು. ಬಲಗೈ ತಾನಾಗಿ ಮುಷ್ಟಿಯಾಯಿತು, ಏನನ್ನೋ ಕರಗಿಸುವ ಹಾಗೆ. ಒಳಗೆ ಏನೂ ಕರಗಲಿಲ್ಲ.

“ಸರಿ ಇತ್ತು,” ಎಂದ ಮೂಸಾ. “ಸರಿಯಾಗಿಯೇ ತಂದದ್ದು.”

ಶಬ್ನಾ ತಲೆ ಆಡಿಸಿದಳು. ತನಗೆ ಬೇಕಾಗಿದ್ದ ಉತ್ತರ ಸಿಕ್ಕಿತೆಂಬಂತೆ ಪಾತ್ರೆಯನ್ನು ಒಲೆಯಿಂದ ಇಳಿಸಿ, ಸೆರಗಿನಿಂದ ಬೂದಿ ಒರೆಸಿದಳು.

“ಸರಿ ಇದ್ದದ್ದನ್ನು ತೆಗೊಂಡೇ ಅವನು ಹೋದದ್ದು. ನನಗೆ ಬೇಡ ಮಾಮ. ನಾನು ಬರುದಿಲ್ಲ.”